ಯಾರೂ ಕಾಣದ ಸ್ಪರ್ಶ: ಒಂದು ಸಭೆಯ ವಾಲಿಬಾಲ್ ತಂಡದ ಪ್ರಕರಣ ಅಧ್ಯಯನ

ಬೆಂಗಳೂರಿನ ಈಶಾನ್ಯ ಭಾಗದ ಒಂದು ಕ್ರೈಸ್ತ ಸಭೆಯ ಯೌವನಸ್ಥರ ವಾಲಿಬಾಲ್ ತಂಡಕ್ಕೆ ನಾನು ಹನ್ನೊಂದು ವರ್ಷ ವ್ಯವಸ್ಥಾಪಕನಾಗಿದ್ದೆ. ಆ ಅವಧಿಯಲ್ಲಿ ನಡೆದ ಒಂದು ಘಟನೆಯನ್ನು, ಅದರ ಹಿಂದುಮುಂದುಗಳ ಸಮೇತ, ಇಲ್ಲಿ ದಾಖಲಿಸುತ್ತಿದ್ದೇನೆ. ಸಭೆಯ ಹೆಸರನ್ನಾಗಲಿ ಹುಡುಗರ ಹೆಸರುಗಳನ್ನಾಗಲಿ ಹೇಳುವುದಿಲ್ಲ. ಆಟದಲ್ಲಿ ಅವರು ನಿಲ್ಲುತ್ತಿದ್ದ ಸ್ಥಾನದಿಂದಲೇ ಅವರನ್ನು ಗುರುತಿಸುತ್ತೇನೆ. ಎಲ್ಲರೂ ನನ್ನ ಮಕ್ಕಳ ವಯಸ್ಸಿನವರಾದ್ದರಿಂದ ಏಕವಚನ ಬಳಸಿದ್ದೇನೆ. ಸಭೆಗಳಲ್ಲಿ ಯುವಜನರ ತಂಡ ಕಟ್ಟುವವರಿಗೆ, ವಿಶೇಷವಾಗಿ ಪ್ರಾಮಾಣಿಕತೆಯೂ ಐಕ್ಯವೂ ತಾವಾಗಿಯೇ ಜೊತೆಜೊತೆಗೆ ಬಂದುಬಿಡುತ್ತವೆ ಎಂದು ನಂಬಿ ನನ್ನ ಹಾಗೆ ನಿಶ್ಚಿಂತೆಯಿಂದ ಇರುವವರಿಗೆ, ಇದು ಉಪಯೋಗಕ್ಕೆ ಬರಬಹುದು.

ತಂಡ ಹುಟ್ಟಿದ ಕಾರಣ

ನಮ್ಮ ಸಭೆಯಲ್ಲಿ ಭಾನುವಾರ ಬೆಳಗ್ಗೆ 7:30ಕ್ಕೆ ಕನ್ನಡ ಆರಾಧನೆ, 10 ಗಂಟೆಗೆ ಇಂಗ್ಲಿಷ್ ಆರಾಧನೆ. ಕಟ್ಟಡ ಒಂದೇ, ಅಯ್ಯನವರೂ (ಸಭಾಪಾಲಕರು) ಒಬ್ಬರೇ. ಆದರೆ ಮೊದಲ ಆರಾಧನೆಯವರು ಮೆಟ್ಟಿಲಿಳಿದು ಬಸ್ ನಿಲ್ದಾಣದ ಕಡೆ ನಡೆಯುವ ಹೊತ್ತಿಗೆ ಎರಡನೆಯ ಆರಾಧನೆಯವರು ಗೇಟಿನ ಬಳಿ ಕಾರು ನಿಲ್ಲಿಸಲು ಜಾಗ ನೋಡುತ್ತಿರುತ್ತಾರೆ. ಇದು ಭಾಷೆಯ ಭೇದವಲ್ಲ, ಇಂಗ್ಲಿಷ್ ಆರಾಧನೆಗೆ ಬರುವ ಅರ್ಧದಷ್ಟು ಮನೆಗಳಲ್ಲಿ ಮನೆಮಾತು ಕನ್ನಡವೇ. ಇದು ದುಡಿಮೆಯ, ಓದಿನ, ಮನೆಯಿರುವ ಬಡಾವಣೆಯ ಭೇದ. ಸುಗ್ಗಿ ಹಬ್ಬದ ದಿನ ಎರಡೂ ಗುಂಪಿನವರು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಿದ್ದರು, ಉಳಿದ ದಿನಗಳಲ್ಲಿ ಒಬ್ಬರಿಗೊಬ್ಬರ ಹೆಸರೂ ತಿಳಿದಿರಲಿಲ್ಲ. ಇದನ್ನು ಕಂಡು ನೊಂದ ಅಯ್ಯನವರು, ಹುಡುಗರನ್ನಾದರೂ ಒಂದುಗೂಡಿಸಬೇಕೆಂದು, ದೇವಾಲಯದ ಹಿಂದಿನ ಖಾಲಿ ಜಾಗದಲ್ಲಿ ಎರಡು ಕಂಬ ನೆಡಿಸಿದರು.

ವಾಲಿಬಾಲನ್ನೇ ಆರಿಸಿಕೊಂಡದ್ದಕ್ಕೆ ಮುಖ್ಯ ಕಾರಣ ಜಾಗದ ಅಳತೆ. 18 ಮೀಟರ್ ಉದ್ದ, 9 ಮೀಟರ್ ಅಗಲ ಸಿಕ್ಕರೆ ಅಂಕಣವಾಯಿತು, ಸುತ್ತ ಒಂದಿಷ್ಟು ಬಯಲು ಸಾಕು. ಆದರೆ ಅಯ್ಯನವರು ಇನ್ನೊಂದು ಕಾರಣವನ್ನೂ ಹೇಳಿದ್ದರು. ಈ ಆಟವನ್ನು 1895ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಹೋಲಿಯೋಕ್ ಎಂಬ ಊರಿನಲ್ಲಿ ರೂಪಿಸಿದ ವಿಲಿಯಂ ಮಾರ್ಗನ್, ಅಲ್ಲಿನ ವೈಎಂಸಿಎ ಎಂಬ ಕ್ರೈಸ್ತ ಯುವಕರ ಸಂಘದಲ್ಲಿ ದೈಹಿಕ ಶಿಕ್ಷಣದ ಹೊಣೆ ಹೊತ್ತಿದ್ದವರು. ನಾಲ್ಕು ವರ್ಷ ಮೊದಲು ಅದೇ ಸಂಸ್ಥೆಯ ಸ್ಪ್ರಿಂಗ್‌ಫೀಲ್ಡ್ ತರಬೇತಿ ಶಾಲೆಯಲ್ಲಿ ಹುಟ್ಟಿದ್ದ ಬ್ಯಾಸ್ಕೆಟ್‌ಬಾಲ್, ನಡುವಯಸ್ಸಿನ ವ್ಯಾಪಾರಸ್ಥರಿಗೆ ದಣಿವಾಗುತ್ತದೆಂದು, ಮೈಗೆ ಮೈ ತಾಗದಂತೆ ನಡುವೆ ನೆಟ್ ಕಟ್ಟಿ ಆಡುವ ಆಟವೊಂದನ್ನು ಅವರು ಯೋಚಿಸಿದರು. ವೈಎಂಸಿಎಯ ಜಾಗತಿಕ ಲಾಂಛನದಲ್ಲಿ ಬೈಬಲಿನ ಯೋಹಾನನ ಸುವಾರ್ತೆಯ 17ನೆಯ ಅಧ್ಯಾಯದ 21ನೆಯ ವಚನದ ಉಲ್ಲೇಖವಿದೆ. ಅವರೆಲ್ಲರೂ ಒಂದಾಗಿರಲಿ ಎಂದು ಯೇಸು ತಂದೆಯನ್ನು ಬೇಡಿಕೊಂಡ ಮಾತು ಅದು. ನಮ್ಮ ನಾಡಿಗೆ ಹತ್ತಿರದ ಮದ್ರಾಸಿನಲ್ಲಿ 1920ರಲ್ಲಿ ಹ್ಯಾರಿ ಕ್ರೋ ಬಕ್ ಅವರು ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜನ್ನು ಆರಂಭಿಸಿದ ಮೇಲೆ, ಅಲ್ಲಿ ಕಲಿತವರು ದಕ್ಷಿಣದ ಎಷ್ಟೋ ಶಾಲೆಗಳಿಗೆ ಆಟದ ಮೇಷ್ಟ್ರಾಗಿ ಹೋದರು. ಆದ್ದರಿಂದ ಐಕ್ಯಕ್ಕಾಗಿ ಈ ಆಟವನ್ನು ಆಡೋಣ ಎಂದು ಅಯ್ಯನವರು ಹೇಳಿದಾಗ ಅದು ಎಲ್ಲಿಂದಲೋ ತಂದು ಅಂಟಿಸಿದ ಮಾತಾಗಿರಲಿಲ್ಲ.

ಹನ್ನೆರಡು ಜನರ ತಂಡವಾಯಿತು. ಕನ್ನಡ ಆರಾಧನೆಯಿಂದ ಏಳು, ಇಂಗ್ಲಿಷ್ ಆರಾಧನೆಯಿಂದ ಐದು. ನಾಯಕ ಕನ್ನಡ ಆರಾಧನೆಯ ಹುಡುಗ, ಆಗ ಅವನಿಗೆ 27 ವರ್ಷ, ಪೀಣ್ಯದ ಮಷೀನ್ ಶಾಪೊಂದರಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಆಪರೇಟರ್. ಅವನೇ ತಂಡದ ಸೆಟ್ಟರ್, ಅಂದರೆ ಎರಡನೆಯ ಸ್ಪರ್ಶದಲ್ಲಿ ಚೆಂಡನ್ನು ಹದವಾಗಿ ಮೇಲಕ್ಕೆತ್ತಿ ಹೊಡೆಯುವವನ ಕೈಗೆ ಒಪ್ಪಿಸುವವನು. ಅಂಕ ಗಳಿಸಿದ ಹೆಸರು ಯಾವಾಗಲೂ ಇನ್ನೊಬ್ಬನದು. ಆ ಕೆಲಸವನ್ನು ಅವನು ಮನಸಾರೆ ಮಾಡುತ್ತಿದ್ದ. ಮುಂದೆ ಅವನ ಬಗ್ಗೆ ನಾನು ಬರೆಯುವುದನ್ನು ಓದುವಾಗ ಈ ಮಾತು ನೆನಪಿರಲಿ ಎಂದು ಕೇಳಿಕೊಳ್ಳುತ್ತೇನೆ. ನಡುವೆ ನಿಂತು ಬ್ಲಾಕ್ ಮಾಡುತ್ತಿದ್ದವನು, ಅಂದರೆ ನೆಟ್‌ನ ಬಳಿ ಎಗರಿ ಎದುರಾಳಿಯ ಹೊಡೆತವನ್ನು ಕೈಗಳಿಂದ ತಡೆಯುತ್ತಿದ್ದವನು, ಇಂಗ್ಲಿಷ್ ಆರಾಧನೆಯ ಹುಡುಗ, 21 ವರ್ಷ, ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದ. ಆರಡಿ ಮೇಲೆ ಎರಡಂಗುಲ ಎತ್ತರ, ಮಾತು ಕಡಿಮೆ. ನಾಯಕನನ್ನು ಅಣ್ಣ ಎಂದೇ ಕರೆಯುತ್ತಿದ್ದ.

ಆ ಒಂದು ಚೆಂಡು

ನಗರದ ಹಲವು ಸಭೆಗಳ ತಂಡಗಳು ಸೇರಿ ಆಡುವ ಪಂದ್ಯಾವಳಿಯಲ್ಲಿ ನಾವು ಮೊದಲ ಬಾರಿಗೆ ಸೆಮಿಫೈನಲ್ ತಲುಪಿದ್ದೆವು. ಐದು ವಾರ ಶನಿವಾರಗಳಂದು ಪಂದ್ಯ. ನಾಯಕ ಪ್ರತಿ ಶನಿವಾರವೂ ತನ್ನ ಪಾಳಿಯನ್ನು ಸಹೋದ್ಯೋಗಿಯೊಬ್ಬನಿಗೆ ಕೊಟ್ಟು, ಅದಕ್ಕೆ ಬದಲಾಗಿ ವಾರದ ನಡುವೆ ಅವನ ರಾತ್ರಿಪಾಳಿ ಮಾಡುತ್ತಿದ್ದ. ಗೆದ್ದ ಹಣದಲ್ಲಿ ನಮ್ಮ ಅಂಕಣಕ್ಕೆ ತುಕ್ಕು ಹಿಡಿಯದ ಹೊಸ ಕಂಬ, ಹೊಸ ನೆಟ್ ಹಾಕಿಸುವುದೆಂದು ಹನ್ನೆರಡು ಜನವೂ ಕೂತು ತೀರ್ಮಾನಿಸಿದ್ದರು.

ಮೂರು ಸೆಟ್‌ಗಳ ಪಂದ್ಯ. ಒಂದೊಂದು ಸೆಟ್ ಇಬ್ಬರದೂ ಆಗಿ, ನಿರ್ಣಾಯಕ ಮೂರನೆಯ ಸೆಟ್ 15 ಅಂಕದ್ದು. 14-13ರಲ್ಲಿ ನಾವು ಮುಂದಿದ್ದೆವು, ಮ್ಯಾಚ್ ಪಾಯಿಂಟ್ ನಮ್ಮದು. ನಮ್ಮ ಸರ್ವಿಸನ್ನು ಎದುರಾಳಿಗಳು ಚೆನ್ನಾಗಿಯೇ ಎತ್ತಿಕೊಂಡು, ಅವರ ಎಡಬದಿಯ ಹುಡುಗ ಬಲವಾಗಿ ಹೊಡೆದ. ನಮ್ಮ ಬ್ಲಾಕ್ ಮಾಡುವವನು ಎಗರಿದ್ದ. ಚೆಂಡು ಅವನ ಕೈಗಳ ಮೇಲಿಂದ ಹಾದು, ನಮ್ಮ ಹಿಂದಿನ ಗೆರೆಯ ಆಚೆ ಅರ್ಧ ಮೀಟರ್ ದೂರದಲ್ಲಿ ಬಿತ್ತು. ಲೈನ್‌ಮನ್ ಬಾವುಟವನ್ನು ಮೇಲೆತ್ತಿದರು. ರೆಫರಿ ಸೀಟಿ ಊದಿ ನಮ್ಮ ಕಡೆ ಕೈ ತೋರಿಸಿದರು. ಪಂದ್ಯ ಮುಗಿಯಿತೆಂದು ನಮ್ಮ ಬೆಂಚಿನಿಂದ ಹುಡುಗರು ಅಂಕಣದೊಳಕ್ಕೆ ಓಡಿದರು. ನಾನೂ ಎದ್ದು ನಿಂತಿದ್ದೆ.

ಅವನೊಬ್ಬ ನೆಟ್‌ನ ಬಳಿಯೇ ನಿಂತಿದ್ದ. ಬಲಗೈಯನ್ನು ನೆಟ್ಟಗೆ ಮೇಲೆತ್ತಿ, ಅದರ ಬೆರಳುಗಳ ತುದಿಯನ್ನು ಎಡ ಅಂಗೈಯಿಂದ ಎರಡು ಸಲ ಸವರಿದ. ಚೆಂಡು ತಾಕಿದೆ ಎಂದು ರೆಫರಿಗಳು ತೋರಿಸುವ ಸಂಜ್ಞೆ ಅದು. ಚೆಂಡು ಅವನ ನಡುಬೆರಳಿನ ತುದಿಯನ್ನು ಸವರಿಕೊಂಡು ಹೋಗಿತ್ತು. ಅದನ್ನು ರೆಫರಿ ಕಾಣಲಿಲ್ಲ, ಲೈನ್‌ಮನ್ ಕಾಣಲಿಲ್ಲ, ಹೊಡೆದ ಹುಡುಗನಿಗೂ ಖಾತ್ರಿಯಿರಲಿಲ್ಲ. ಬ್ಲಾಕ್‌ಗೆ ತಾಕಿ ಹೊರಗೆ ಬಿದ್ದ ಚೆಂಡು ಹೊಡೆದವರ ಅಂಕ. ರೆಫರಿ ಅವನನ್ನು ಹತ್ತಿರ ಕರೆದು ಕೇಳಿದರು, ಅವನು ತಲೆಯಾಡಿಸಿದ, ತೀರ್ಪು ಬದಲಾಯಿತು. 14-14. ಅಂಕಣಕ್ಕೆ ಓಡಿದ್ದ ಹುಡುಗರು ಹಿಂದಕ್ಕೆ ಬಂದು ಬೆಂಚಿನ ಮೇಲೆ ಕೂತರು. ಮುಂದಿನ ಎರಡೂ ಅಂಕ ಎರಡು ನಿಮಿಷದೊಳಗೆ ಅವರ ಪಾಲಾಗಿ, 14-16ರಲ್ಲಿ ನಾವು ಸೋತೆವು.

ಎದುರಾಳಿ ತಂಡದವರು ಬಂದು ಅವನ ಕೈ ಹಿಡಿದುಕೊಂಡರು. ನಮ್ಮ ತಂಡದಲ್ಲಿ ಯಾರೂ ಅವನ ಹತ್ತಿರ ಹೋಗಲಿಲ್ಲ. ಬೂಟಿನ ಲೇಸು ಬಿಚ್ಚುತ್ತಾ ಬಗ್ಗಿದ್ದ ನಾಯಕ ತಲೆಯೆತ್ತದೆಯೇ, "ಪಾಯಿಂಟ್ ನಿನ್ನೊಬ್ಬಂದಾ? ಆರು ಜನದ್ದು. ಕೊಡೋಕೆ ನೀನ್ಯಾರು?" ಎಂದ. ಇನ್ಯಾರೋ, "ಅವರಿಗೇನು ಬಿಡಪ್ಪ, ಅವರಿಗೆ ಇದು ಟೈಂಪಾಸು" ಎಂದರು. ಆ "ಅವರಿಗೆ" ಎಂಬ ಒಂದು ಮಾತಿನಲ್ಲಿ ಏಳು ಜನ ಒಂದು ಕಡೆ, ಐದು ಜನ ಒಂದು ಕಡೆ ಆಗಿಹೋದರು. ಎರಡು ವರ್ಷ ಕಂಬ ನೆಟ್ಟು, ನೆಟ್ ಕಟ್ಟಿ, ಬೆವರು ಹರಿಸಿ ಮಾಡಿದ ಕೆಲಸ ಹಾಗೆ ಬಿರುಕುಬಿಟ್ಟದ್ದನ್ನು ನಾನು ಕಣ್ಣಾರೆ ಕಂಡೆ. ಅಂದು ರಾತ್ರಿ ನಾಯಕ ತಂಡದ ವಾಟ್ಸಾಪ್ ಗುಂಪಿನಿಂದ ಹೊರಬಿದ್ದ.

ನನ್ನ ತಪ್ಪು

ಮರುದಿನ ಭಾನುವಾರ. ಬೆಳಗ್ಗೆಯೇ ಅಯ್ಯನವರಿಗೆ ನಡೆದದ್ದನ್ನು ಹೇಳಿದವನು ನಾನು. ಹೇಳಿದ್ದು ಅಂಕದ ಕಥೆಯನ್ನು ಮಾತ್ರ, ಬಿರುಕಿನ ಕಥೆಯನ್ನಲ್ಲ. ಅವರ ಕಣ್ಣು ತುಂಬಿ ಬಂತು. ಎರಡೂ ಆರಾಧನೆಗಳ ಪ್ರಸಂಗದಲ್ಲಿ, ಅಂದರೆ ಬೋಧನೆಯಲ್ಲಿ, ಅವರು ಆ ಹುಡುಗನ ಹೆಸರು ಹೇಳಿ, ಇದೇ ಜೀವಂತ ಸಾಕ್ಷಿ ಎಂದರು. ಸಭೆ ಚಪ್ಪಾಳೆ ತಟ್ಟಿತು. ಯೌವನಸ್ಥರ ಕೂಟದ ಕಾರ್ಯದರ್ಶಿ ಅವನ ಚಿತ್ರಕ್ಕೆ ವಚನವೊಂದನ್ನು ಸೇರಿಸಿ ಎಲ್ಲರಿಗೂ ಕಳುಹಿಸಿದ.

ಬೆಳಗಿನ ಆರಾಧನೆಯಲ್ಲಿ ಕೂತಿದ್ದ ನಾಯಕ ಮತ್ತು ಅವನ ಆರು ಜನ ಗೆಳೆಯರಿಗೆ ಆ ಚಪ್ಪಾಳೆ ಹೇಗೆ ಕೇಳಿಸಿರಬೇಕೆಂದು ನಾನು ಯೋಚಿಸಲೇ ಇಲ್ಲ. ಒಬ್ಬನನ್ನು ನೀತಿವಂತನೆಂದು ಪೀಠದಿಂದ ಸಾರಿದಾಗ, ಅವನ ಪಕ್ಕದಲ್ಲೇ ನಿಂತು ಆಡಿದ ಹನ್ನೊಂದು ಜನ, ಯಾವ ಸುಳ್ಳನ್ನೂ ಹೇಳದೆ, ಯಾವ ಮೋಸವನ್ನೂ ಮಾಡದೆ, ಬರೀ ಸೋತದ್ದಕ್ಕೆ ನೊಂದುಕೊಂಡವರು, ಅನೀತಿವಂತರ ಸಾಲಿಗೆ ಸೇರಿಬಿಟ್ಟರು. ಸೋಮವಾರದ ಅಭ್ಯಾಸಕ್ಕೆ ಐದು ಜನ ಬಂದರು. ಗುರುವಾರ ಮೂರು. ಬ್ಲಾಕ್ ಮಾಡುವ ಹುಡುಗನೇ ನನ್ನ ಬಳಿ ಬಂದು, ಆ ಚಿತ್ರವನ್ನು ದಯವಿಟ್ಟು ತೆಗೆಸಿ ಅಂಕಲ್, ನನಗೆ ಅಣ್ಣನ ಎದುರು ನಿಲ್ಲಲು ಆಗುತ್ತಿಲ್ಲ ಎಂದು ಕೇಳಿಕೊಂಡ.

ಮುಂದಿನ ಭಾನುವಾರ ತಿಂಗಳ ಮೊದಲ ಭಾನುವಾರ, ಸಭೆಯವರೆಲ್ಲ ರೊಟ್ಟಿ, ದ್ರಾಕ್ಷಾರಸದಲ್ಲಿ ಪಾಲುಗೊಳ್ಳುವ ಕರ್ತನ ಭೋಜನವಿತ್ತು. ನಾಯಕ ಬಂದಿದ್ದ, ಆದರೆ ಅವನ ಸಾಲಿನವರೆಲ್ಲ ಎದ್ದು ಪೀಠದ ಬಳಿಗೆ ಹೋದಾಗ ಅವನು ಮಂಡಿಯ ಮೇಲೆ ಕೈಯಿಟ್ಟುಕೊಂಡು ಬೆಂಚಿನಲ್ಲೇ ಉಳಿದ. ಭಾನುವಾರ ಶಾಲೆಯಲ್ಲಿ ಅವನಿಗೆ ಪಾಠ ಹೇಳಿದವನು ನಾನು; ಯಜ್ಞವೇದಿಗೆ ಕಾಣಿಕೆ ತಂದಿರುವಾಗ ಸಹೋದರನೊಡನೆ ಮನಸ್ತಾಪವಿರುವುದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನವಾಗು ಎಂಬ ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದ ಮಾತನ್ನು ಅವನಿಗೆ ಕಲಿಸಿದವನೂ ನಾನೇ. ಅವನು ಅದನ್ನು ನನಗಿಂತ ಗಂಭೀರವಾಗಿ ತೆಗೆದುಕೊಂಡಿದ್ದ.

ಇಬ್ಬರ ಮಾತು

ಆ ಮಂಗಳವಾರ ಮಧ್ಯಾಹ್ನ ಎರಡಕ್ಕೆ, ಮೊದಲ ಪಾಳಿ ಬಿಡುವ ಹೊತ್ತಿಗೆ, ನಾನು ಪೀಣ್ಯಕ್ಕೆ ಹೋದೆ. ಕಾರ್ಖಾನೆಯ ಎದುರಿನ ಚಹಾ ಅಂಗಡಿಯಲ್ಲಿ ಇಬ್ಬರೂ ನಿಂತೆವು. ಅವನ ಅಂಗಿಯಿಂದ ಕೂಲಂಟ್ ವಾಸನೆ ಬರುತ್ತಿತ್ತು. ತೋರುಬೆರಳಿಗೆ ಲೋಹದ ಚೂರು ಸಿಡಿದು ಪಟ್ಟಿ ಸುತ್ತಿಕೊಂಡಿದ್ದ. ಬಹಳ ಹೊತ್ತು ಕೆಲಸದ ಮಾತೇ ಆಯಿತು. ಆಮೇಲೆ ಅವನೇ ಹೇಳಿದ: "ಸೋತಿದ್ದಕ್ಕಲ್ಲ ಅಂಕಲ್. ಕೇಳಿದ್ದರೆ ನಾನೂ ಹೇಳ್ತಿದ್ದೆ, ಟಚ್ ಆಗಿದ್ರೆ ಒಪ್ಪಿಕೋ ಅಂತ. ಅವನು ನನ್ನ ಕಡೆ ಒಂದ್ಸಲ ತಿರುಗಿ ನೋಡಲಿಲ್ಲ."

ವಾಲಿಬಾಲಿನ ನಿಯಮದ ಪ್ರಕಾರ ಆಟದ ನಡುವೆ ರೆಫರಿಯೊಡನೆ ಮಾತನಾಡುವ ಅಧಿಕಾರ ಅಂಕಣದಲ್ಲಿರುವ ನಾಯಕನಿಗೆ ಮಾತ್ರ. ಅವನ ನೋವು ಆ ನಿಯಮದ ಸೂಕ್ಷ್ಮದ್ದಾಗಿರಲಿಲ್ಲ. ತನ್ನ ತಂಡದ ಪ್ರಾಮಾಣಿಕತೆಯಲ್ಲಿ ತನಗೆ ಪಾಲು ಸಿಗಲಿಲ್ಲ ಎಂಬುದು ಅವನ ನೋವು. ಆ ಒಂದು ಕ್ಷಣದಲ್ಲಿ ಅವನಿಗೂ ಸರಿಯಾದುದನ್ನು ಆರಿಸಿಕೊಳ್ಳುವ ಅವಕಾಶವಿತ್ತು, ಅದು ಅವನ ಕೈ ತಪ್ಪಿತು; ಮರುದಿನ ಸಭೆಯ ಎದುರಿಗೆ, ಆರಿಸಿಕೊಳ್ಳದವನೆಂಬ ಹೆಸರೂ ಬಂತು.

ಅದೇ ವಾರ ಇನ್ನೊಬ್ಬನನ್ನೂ ಕಂಡೆ. ನಾಯಕನ ಮಾತನ್ನು ಅವನಿಗೆ ತಲುಪಿಸಲಿಲ್ಲ, ಆ ಗಳಿಗೆಯಲ್ಲಿ ನಾಯಕನ ಕಡೆ ನೋಡಬೇಕೆನಿಸಲಿಲ್ಲವೇ ಎಂದಷ್ಟೇ ಕೇಳಿದೆ. ಕಾಂಪೌಂಡ್ ಗೋಡೆಗೆ ಒರಗಿ ನಿಂತಿದ್ದ ಅವನು ಬಹಳ ಹೊತ್ತು ಸುಮ್ಮನಿದ್ದು, "ನೋಡಿದ್ದರೆ ಕೈ ಎತ್ತುತ್ತಿರಲಿಲ್ಲ ಅಂಕಲ್" ಎಂದ. ಐದು ವಾರ ರಾತ್ರಿಪಾಳಿ ಮಾಡಿದ ಅಣ್ಣನ ಮುಖ ನೋಡಿದರೆ ತನಗೆ ಧೈರ್ಯ ಉಳಿಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ನೋಡದೆ ಇದ್ದದ್ದು ಅಹಂಕಾರದಿಂದಲ್ಲ, ಪ್ರೀತಿಯಿಂದ ಸೋತುಬಿಡುವ ಭಯದಿಂದ.

ಈ ಪ್ರಕರಣದ ತಿರುಳು ಈ ಎರಡು ಮಾತುಗಳಲ್ಲೇ ಇದೆ ಎಂದು ನಾನು ತಿಳಿದಿದ್ದೇನೆ. ಇಬ್ಬರೂ ನಿಜವನ್ನೇ ಹೇಳಿದರು. ಒಬ್ಬನ ದೃಷ್ಟಿಯಿಂದ ಆ ನೋಟವಿಲ್ಲದೆ ಐಕ್ಯವಿಲ್ಲ, ಇನ್ನೊಬ್ಬನ ದೃಷ್ಟಿಯಿಂದ ಆ ನೋಟವಿದ್ದರೆ ಪ್ರಾಮಾಣಿಕತೆ ಉಳಿಯುವುದಿಲ್ಲ. ಅರ್ಧ ಸೆಕೆಂಡಿನಲ್ಲಿ ಈ ಗಂಟನ್ನು ಬಿಡಿಸುವುದು ಯಾರಿಂದಲೂ ಆಗದು. ಬಿಡಿಸುವುದಿದ್ದರೆ ಸೀಟಿ ಊದುವ ಮೊದಲೇ, ತಿಂಗಳುಗಳ ಮೊದಲೇ, ಬಿಡಿಸಬೇಕಿತ್ತು. ಆ ಕೆಲಸ ನನ್ನದಾಗಿತ್ತು.

ಎರಡು ಹೋಲಿಕೆಗಳು

ಕ್ರೀಡೆಯಲ್ಲಿ ಕ್ರೈಸ್ತ ನಡತೆಯ ಮಾತು ಬಂದಾಗ ಭಾನುವಾರ ಶಾಲೆಗಳಲ್ಲಿ ನಾವೆಲ್ಲ ಹೇಳುವ ಕಥೆ ಎರಿಕ್ ಲಿಡೆಲ್ ಅವರದು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಮೊದಲ ಸುತ್ತು ಆರಾಧನೆಯ ದಿನವಾದ ಭಾನುವಾರ ಬಂದದ್ದರಿಂದ ಅವರು ಅದರಲ್ಲಿ ಓಡಲಿಲ್ಲ; ಬದಲಿಗೆ 400 ಮೀಟರ್ ಓಡಿ 47.6 ಸೆಕೆಂಡುಗಳಲ್ಲಿ ಚಿನ್ನ ಗೆದ್ದರು. ನಾನೂ ಈ ಕಥೆಯನ್ನು ಎಷ್ಟೋ ಸಲ ಹೇಳಿದ್ದೇನೆ, ಆದರೆ ಅದರ ಒಂದು ವಿವರ ಈ ಘಟನೆಯ ನಂತರವೇ ನನಗೆ ಮುಖ್ಯವಾಗಿ ಕಂಡಿತು. ಓಟಗಳ ವೇಳಾಪಟ್ಟಿ ತಿಂಗಳುಗಳ ಮೊದಲೇ ಗೊತ್ತಿತ್ತು, ಲಿಡೆಲ್ ತಮ್ಮ ನಿರ್ಧಾರವನ್ನು ಆಗಲೇ ತಿಳಿಸಿ 400 ಮೀಟರಿಗೆ ಸಿದ್ಧರಾದರು. ಕಳೆದುಕೊಂಡರೆ ಕಳೆದುಕೊಳ್ಳುವ ಪದಕವೂ ಅವರೊಬ್ಬರದೇ. ಒಬ್ಬಂಟಿ ಓಟಗಾರನ ಈ ಕಥೆಯನ್ನು ಆರು ಜನ ಒಟ್ಟಿಗೆ ನಿಂತು ಆಡುವ ಆಟದ ಹುಡುಗರಿಗೆ ಹೇಳಿ ಸುಮ್ಮನಾದದ್ದು ಸಾಲದು.

ನಮಗೆ ಇನ್ನೂ ಹತ್ತಿರದ ಹೋಲಿಕೆ ಕರ್ನಾಟಕದ್ದೇ. 1980ರ ಫೆಬ್ರವರಿಯಲ್ಲಿ ಬೊಂಬಾಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ ಇಂಗ್ಲೆಂಡ್ ವಿರುದ್ಧ ನಡೆದ ಸುವರ್ಣ ಮಹೋತ್ಸವ ಟೆಸ್ಟ್‌ನಲ್ಲಿ ಭಾರತದ ನಾಯಕ ಗುಂಡಪ್ಪ ವಿಶ್ವನಾಥ್. ಬಾಬ್ ಟೇಲರ್ ಅವರನ್ನು ಅಂಪೈರ್ ಔಟೆಂದು ತೀರ್ಪಿತ್ತ ಮೇಲೆ, ಚೆಂಡು ಬ್ಯಾಟಿಗೆ ತಾಕಿಲ್ಲವೆಂದು ಮನವರಿಕೆಯಾದ ವಿಶ್ವನಾಥ್ ಅವರು ಮನವಿಯನ್ನು ಹಿಂತೆಗೆದುಕೊಂಡು ಅವರನ್ನು ಮತ್ತೆ ಆಡಲು ಕರೆದರು. ಟೇಲರ್ 43 ರನ್ ಗಳಿಸಿ, ಇಯಾನ್ ಬೋಥಮ್ ಜೊತೆ 171 ರನ್ ಸೇರಿಸಿದರು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ವಿಶ್ವನಾಥ್ ಕ್ರೈಸ್ತರಲ್ಲ, ಮತ್ತು ಈ ಗುಣ ನಮ್ಮ ಮತದ ಸ್ವತ್ತೆಂದು ಹೇಳಿಕೊಳ್ಳುವ ಹಕ್ಕು ನಮಗಿಲ್ಲ. ಅದನ್ನು ಎಲ್ಲಿ ಕಂಡರೂ ತಲೆಬಾಗುವುದು ನಮ್ಮ ಧರ್ಮ. ಇಲ್ಲಿ ಗಮನಿಸಬೇಕಾದ್ದು, ಅವರು ನಾಯಕರಾಗಿದ್ದರು. ಇಡೀ ತಂಡದ ನಷ್ಟವನ್ನು ತಂಡದ ಪರವಾಗಿ ಹೊರುವ ಅಧಿಕಾರ ಅವರಿಗಿತ್ತು. ನಮ್ಮ ಹುಡುಗನಿಗೆ ಲಿಡೆಲ್‌ಗಿದ್ದ ಕಾಲಾವಕಾಶವೂ ಇರಲಿಲ್ಲ, ವಿಶ್ವನಾಥ್‌ಗಿದ್ದ ಅಧಿಕಾರವೂ ಇರಲಿಲ್ಲ. ಬೆರಳ ತುದಿಯಲ್ಲಿ ಒಂದು ಸತ್ಯ ಮಾತ್ರ ಇತ್ತು.

ಹಾಗಾದರೆ ಅವನು ಕೈ ಎತ್ತಬಾರದಿತ್ತೇ? ಎತ್ತಬೇಕಿತ್ತು ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂದೇಹವಿಲ್ಲ. ಆದರೆ ಎತ್ತಬಾರದಿತ್ತೆನ್ನುವವರ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ನಮ್ಮ ತಂಡದ ಹಿರಿಯ ಹೊಡೆತಗಾರ, 31 ವರ್ಷದವನು, ಅದನ್ನು ಬಹಳ ಸ್ಪಷ್ಟವಾಗಿ ಮುಂದಿಟ್ಟ. ಅದೇ ಪಂದ್ಯದ ಎರಡನೆಯ ಸೆಟ್‌ನಲ್ಲಿ ಗೆರೆಯೊಳಗೆ ಬಿದ್ದ ನಮ್ಮ ಎರಡು ಚೆಂಡುಗಳನ್ನು ಹೊರಗೆಂದು ಕರೆದಿದ್ದರು, ಎದುರಾಳಿಗಳಲ್ಲಿ ಯಾರೂ ಕೈ ಎತ್ತಲಿಲ್ಲ. ತೀರ್ಪು ಕೊಡುವುದು ರೆಫರಿಯ ಕೆಲಸ, ಆಡುವುದು ನಮ್ಮ ಕೆಲಸ. ರೆಫರಿಯ ತಪ್ಪು ಒಮ್ಮೆ ಅವರ ಪಾಲಿಗೆ, ಒಮ್ಮೆ ನಮ್ಮ ಪಾಲಿಗೆ ಬಂದು ಲೆಕ್ಕ ಸಮನಾಗುತ್ತದೆ. ಒಂದು ಕಡೆಯವರು ಮಾತ್ರ ಕೈ ಎತ್ತುತ್ತಾ ಹೋದರೆ ಲೆಕ್ಕವೇ ತಪ್ಪುತ್ತದೆ, ಪ್ರಾಮಾಣಿಕರಿಗೆ ಸೋಲು ಖಚಿತವಾಗುತ್ತದೆ. ಇದು ಸೋಗಿನ ವಾದವಲ್ಲ. ಜಗತ್ತಿನ ಉನ್ನತ ಮಟ್ಟದ ಆಟದಲ್ಲೂ ಬಹುಕಾಲ ಹೀಗೆಯೇ ನಡೆದುಬಂದಿದೆ. ಚೆಂಡು ತನಗೆ ತಾಕಿದ್ದನ್ನು ತಾನೇ ಒಪ್ಪಿಕೊಳ್ಳುವ ಆಟಗಾರನಿಗೆ ಹಸಿರು ಕಾರ್ಡ್ ತೋರಿಸುವ ಪದ್ಧತಿ ವಾಲಿಬಾಲ್ ನೇಷನ್ಸ್ ಲೀಗ್‌ಗೆ ಬಂದದ್ದು 2023ರಲ್ಲಿ.

ನನ್ನ ಉತ್ತರ ಇಷ್ಟೇ. ರೆಫರಿ ತಪ್ಪು ಮಾಡಿದಾಗ, ಅದು ತಪ್ಪೆಂದು ನನಗೂ ತಿಳಿಯದಿದ್ದರೆ, ಅದು ಆಟದ ಪಾಲು, ಗಾಳಿ ಬೀಸಿದ ಹಾಗೆ. ನನ್ನ ಬೆರಳಿಗೆ ತಾಕಿದ್ದು ನನಗೆ ತಿಳಿದೂ ನಾನು ಸುಮ್ಮನಿದ್ದರೆ, ಆ ಕ್ಷಣದಿಂದ ಅದು ರೆಫರಿಯ ತಪ್ಪಲ್ಲ, ನನ್ನದು. ಬೈಬಲಿನಲ್ಲಿರುವ, ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ ಅಪೊಸ್ತಲ ಪೌಲನು, ನಿಯಮದಂತೆ ಆಡದವನಿಗೆ ಕಿರೀಟವಿಲ್ಲ ಎನ್ನುತ್ತಾನೆ. ಅವನು ಪತ್ರ ಬರೆದ ಕೊರಿಂಥದ ಜನರಿಗೆ ಸ್ಪರ್ಧೆಗಳು ಹೊಸತಲ್ಲ, ಊರಿನ ಸಮೀಪವೇ ಎರಡು ವರ್ಷಕ್ಕೊಮ್ಮೆ ಇಸ್ತಮಿಯ ಕ್ರೀಡಾಕೂಟ ನಡೆಯುತ್ತಿತ್ತು. ಗೆದ್ದವರಿಗೆ ಸಿಗುತ್ತಿದ್ದದ್ದು ಎಲೆಯ ಕಿರೀಟ. ಬಾಡಿಹೋಗುವ ಕಿರೀಟ, ಬಾಡದ ಕಿರೀಟ ಎಂದು ಪೌಲನು ಅವರಿಗೆ ಮೊದಲನೆಯ ಪತ್ರದ 9ನೆಯ ಅಧ್ಯಾಯದಲ್ಲಿ ಬರೆದದ್ದು ಆ ಜನ ಕಣ್ಣಾರೆ ಕಂಡ ವಸ್ತುವನ್ನು ಕುರಿತೇ. ಗೆಲ್ಲುವ ಹಂಬಲವನ್ನು ಅವನು ಹಳಿಯಲಿಲ್ಲ, ಗೆಲ್ಲುವಂತೆ ಓಡಿರಿ ಎಂದೇ ಹೇಳಿದ. ಆದ್ದರಿಂದ ಸೋತರೇನಂತೆ ಎಂದು ನಮ್ಮ ನಾಯಕನಿಗೆ ಸಮಾಧಾನ ಹೇಳಲು ಹೋದವರು ಪೌಲನನ್ನೂ ಸರಿಯಾಗಿ ಓದಿರಲಿಲ್ಲ, ಆ ಹುಡುಗನ ಐದು ರಾತ್ರಿಪಾಳಿಗಳನ್ನೂ ಓದಿರಲಿಲ್ಲ.

ಅದೇ ಕೊರಿಂಥದವರಿಗೆ, ಅದೇ ಪತ್ರದ 12ನೆಯ ಅಧ್ಯಾಯದಲ್ಲಿ, ದೇಹ ಒಂದು, ಅಂಗಗಳು ಹಲವು, ಒಂದು ಅಂಗ ನೊಂದರೆ ಎಲ್ಲ ಅಂಗಗಳೂ ನೋಯುತ್ತವೆ ಎಂದೂ ಅವನು ಬರೆದ. ನಾವು ಈ ಎರಡು ಅಧ್ಯಾಯಗಳನ್ನು ಬೇರೆಬೇರೆ ಭಾನುವಾರಗಳಲ್ಲಿ ಓದಿ ಬೇರೆಬೇರೆ ಪ್ರಸಂಗ ಮಾಡುತ್ತೇವೆ. ಆಟದ ಅಂಕಣದಲ್ಲಿ ಅವೆರಡೂ ಒಂದೇ ಗಳಿಗೆಯಲ್ಲಿ ಎದುರಾಗುತ್ತವೆ. ಐಕ್ಯವು ಸತ್ಯವನ್ನು ಮುಚ್ಚಿಟ್ಟು ಉಳಿಸಿಕೊಳ್ಳುವ ವಸ್ತುವಲ್ಲ, ಸರಿ. ಆದರೆ ಸತ್ಯ ಹೇಳುವವನೂ ತಾನು ಒಂಟಿ ಬೆರಳಲ್ಲ, ಒಂದು ಕೈಯ ಬೆರಳು ಎಂಬುದನ್ನು ಮೊದಲೇ ಬಲ್ಲವನಾಗಿರಬೇಕು. ಅದನ್ನು ಬಲ್ಲವನಾಗಿಸುವುದು ತಂಡ ಕಟ್ಟುವವರ ಕೆಲಸ. ಹಲವು ಪ್ರೊಟೆಸ್ಟೆಂಟ್ ಪಂಗಡಗಳು ಕೂಡಿ ಆದ ದಕ್ಷಿಣ ಭಾರತ ಸಭೆ (ಸಿಎಸ್‌ಐ) 1947ರ ಸೆಪ್ಟೆಂಬರ್ 27ರಂದು ರೂಪುಗೊಳ್ಳುವ ಮೊದಲು, 1919ರ ತರಂಗಂಬಾಡಿ ಸಮ್ಮೇಳನದಿಂದ ಲೆಕ್ಕ ಹಾಕಿದರೆ, 28 ವರ್ಷ ಮಾತುಕತೆ ನಡೆದಿತ್ತು. ಬೇರೆಬೇರೆ ಪದ್ಧತಿಯವರು ಒಂದಾಗಲು ಅಷ್ಟು ಕಾಲ ಕೂತು ಮಾತನಾಡಿದ ಹಿರಿಯರ ನಾಡಿನಲ್ಲಿ, ಹನ್ನೆರಡು ಹುಡುಗರಿಗೆ ಒಂದು ಚೆಂಡು ಕೊಟ್ಟು, ಒಂದೇ ಒಂದು ಕಷ್ಟದ ಪ್ರಶ್ನೆಯನ್ನೂ ಅವರ ಮುಂದಿಡದೆ, ಐಕ್ಯವಾಯಿತು ಎಂದು ನಾನು ನಂಬಿದ್ದೆ.

ನೆಟ್ ಕಟ್ಟಿದ ಸಂಜೆ

ಮತ್ತಾಯನ 18ನೆಯ ಅಧ್ಯಾಯದಲ್ಲಿ, ಸಹೋದರನೊಡನೆ ತಕರಾರಿದ್ದರೆ ಮೊದಲು ಅವನೊಬ್ಬನೇ ಇರುವಾಗ ಹೋಗಿ ಮಾತಾಡು, ಆಮೇಲೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಕೊನೆಗೆ ಸಭೆಗೆ ಹೇಳು ಎಂಬ ಕ್ರಮವಿದೆ. ನಾವು ಆ ಕ್ರಮವನ್ನು ತಲೆಕೆಳಗು ಮಾಡಿ ಸಭೆಯಿಂದಲೇ ಶುರುಮಾಡಿದ್ದೆವು. ಅಯ್ಯನವರೊಡನೆ ಇದನ್ನು ಹೇಳಿದಾಗ ಅವರು ತಮ್ಮ ಪ್ರಸಂಗಕ್ಕಾಗಿ ನೊಂದುಕೊಂಡರು, ಆದರೆ ಅದಕ್ಕೆ ಮತ್ತೊಂದು ಪ್ರಸಂಗದಿಂದ ಪರಿಹಾರ ಹುಡುಕಲಿಲ್ಲ. ಅದು ಅವರ ವಿವೇಕ.

ಆ ಶನಿವಾರ ಸಂಜೆ ಆರಕ್ಕೆ, ನೆಟ್ ಸಡಿಲವಾಗಿದೆ, ಕಟ್ಟಬೇಕು ಬನ್ನಿ ಎಂದು ಇಬ್ಬರಿಗೂ ಬೇರೆಬೇರೆಯಾಗಿ ಹೇಳಿದೆ. ನೆಟ್ ನಿಜವಾಗಿಯೂ ಸಡಿಲವಾಗಿತ್ತು. ಅದನ್ನು ಒಬ್ಬನೇ ಕಟ್ಟಲಾಗುವುದಿಲ್ಲ. ಒಬ್ಬ ಕಂಬದ ಬಳಿ ನಿಂತು ತಂತಿಯನ್ನು ಎಳೆದು ಹಿಡಿಯಬೇಕು, ಇನ್ನೊಬ್ಬ ಅಂಕಣದ ನಡುವೆ 2.43 ಮೀಟರಿಗೆ ಗುರುತು ಹಾಕಿದ ಕೋಲು ಹಿಡಿದು, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ, ಸಾಕು ಎನ್ನಬೇಕು. ನಾನು ದೇವಾಲಯದೊಳಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಕಿಟಕಿಯಿಂದ ಮೊದಲು ಕೇಳಿದ್ದು "ಸಾಕು" ಎಂಬ ಮಾತು. ಆಮೇಲೆ ಬಹಳ ಹೊತ್ತು ಸದ್ದಿಲ್ಲ. ಅನಂತರ ಇಬ್ಬರ ಮಾತೂ ತಗ್ಗಿದ ದನಿಯಲ್ಲಿ ಕೇಳಿಬಂತು, ಒಮ್ಮೆ ನಾಯಕನ ದನಿ ಏರಿತು, ಮತ್ತೆ ಇಳಿಯಿತು. ಅವರು ಆಡಿದ ಮಾತು ಅವರಿಬ್ಬರದೇ ಆಗಿರಲಿ ಎಂದು ನಾನು ಕೇಳಲು ಹೋಗಲಿಲ್ಲ. ಕತ್ತಲಾದ ಮೇಲೆ ನಾಯಕ ಒಳಗೆ ಬಂದು, "ಅಂಕಲ್, ಎಲ್ಲರನ್ನೂ ಕರೆಯಿರಿ, ಒಂದು ಮೀಟಿಂಗ್ ಮಾಡಬೇಕು" ಎಂದ.

ಆ ಮೀಟಿಂಗ್‌ನಲ್ಲಿ ನಾಯಕನೇ ಮಾತನಾಡಿದ. ಇನ್ನು ಮುಂದೆ ಚೆಂಡು ತಾಕಿದ್ದು, ನೆಟ್ ಮುಟ್ಟಿದ್ದು, ತಿಳಿದವನು ತಿಳಿದ ಕೂಡಲೇ ಕೈ ಎತ್ತಬೇಕು, ಯಾರ ಮುಖವನ್ನೂ ನೋಡಬೇಕಾಗಿಲ್ಲ. ಕೈ ಎದ್ದದ್ದನ್ನು ಕಂಡ ಕೂಡಲೇ ರೆಫರಿಯ ಬಳಿ ಹೋಗಿ ಹೇಳುವುದು ತನ್ನ ಕೆಲಸ. ಅಂಕ ಹೋದರೆ ಅದು ಹನ್ನೆರಡು ಜನ ಸೇರಿ ಕೊಟ್ಟದ್ದು, ಅದಕ್ಕಾಗಿ ಯಾರೂ ಯಾರನ್ನೂ ಬೈಯುವಂತಿಲ್ಲ, ಹೊಗಳುವಂತೆಯೂ ಇಲ್ಲ. ಹೊಗಳುವಂತಿಲ್ಲ ಎಂಬ ಮಾತನ್ನು ಸೇರಿಸಿ ಎಂದವನು ಬ್ಲಾಕ್ ಮಾಡುವ ಹುಡುಗ. ಹನ್ನೊಂದು ಜನ ಒಪ್ಪಿದರು. ಹಿರಿಯ ಹೊಡೆತಗಾರ ಒಪ್ಪಲಿಲ್ಲ. ಅವನು ಸಿಟ್ಟು ಮಾಡಲಿಲ್ಲ, ತನ್ನ ಲೆಕ್ಕದ ವಾದವನ್ನು ಮತ್ತೊಮ್ಮೆ ಹೇಳಿದ, ನಾನು ಒಪ್ಪಿದಂತೆ ನಟಿಸಿ ಆಡಿದರೆ ಅದೂ ಸುಳ್ಳೇ ಅಲ್ಲವೇ ಎಂದು ಕೇಳಿದ. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಅವನು ತಂಡ ಬಿಟ್ಟ.

ಮುಂದಿನ ತಿಂಗಳ ಮೊದಲ ಭಾನುವಾರ ನಾಯಕ ಕರ್ತನ ಭೋಜನಕ್ಕೆ ಎದ್ದು ಹೋದ. ಮುಂದಿನ ವರ್ಷದ ಪಂದ್ಯಾವಳಿಯಲ್ಲಿ ನಮ್ಮವರು ನಾಲ್ಕು ಸಲ ಕೈ ಎತ್ತಿದರು. ಒಮ್ಮೆ ರೆಫರಿ ತಾವು ಕಂಡದ್ದೇ ಸರಿಯೆಂದು ತೀರ್ಪು ಬದಲಿಸಲಿಲ್ಲ, ನಾಯಕ ನಮಸ್ಕರಿಸಿ ಹಿಂದಿರುಗಿದ. ಲೀಗ್ ಹಂತದಲ್ಲೇ ಹೊರಬಿದ್ದೆವು, ಅದಕ್ಕೂ ಕೈ ಎತ್ತಿದ್ದಕ್ಕೂ ಸಂಬಂಧವಿರಲಿಲ್ಲ, ನಮ್ಮ ಸರ್ವಿಸ್ ಕಳಪೆಯಾಗಿತ್ತು. ಹೊಸ ಕಂಬಗಳಿಗೆ ಹಣ ಕೂಡಿದ್ದು ಎರಡೂ ಆರಾಧನೆಗಳ ಮನೆಗಳಿಂದ.

ಹಿರಿಯ ಹೊಡೆತಗಾರ ಈಗ ಬೇರೊಂದು ತಂಡಕ್ಕೆ ಆಡುತ್ತಾನೆ. ಬೆಳಗಿನ ಆರಾಧನೆಗೆ ತಪ್ಪದೆ ಬರುತ್ತಾನೆ, ಹೊರಗೆ ನಿಂತು ಹುಡುಗರೊಡನೆ ಆಟದ ಮಾತನಾಡುತ್ತಾನೆ, ಆ ವಿಷಯವೊಂದನ್ನು ಯಾರೂ ಎತ್ತುವುದಿಲ್ಲ. ಅವನ ಏಳನೆಯ ಸಂಖ್ಯೆಯ ಜರ್ಸಿ ನನ್ನ ಕಪಾಟಿನಲ್ಲಿದೆ. ಹೊಸ ಹುಡುಗನೊಬ್ಬ ಸೇರಿದಾಗ ಅದನ್ನು ಕೊಡಲೇ ಎಂದು ನಾಯಕನನ್ನು ಕೇಳಿದೆ. ಅದು ಅಣ್ಣನದು, ಇರಲಿ ಅಂಕಲ್ ಎಂದು ಹೇಳಿ ಅವನು ಹೊಸಬನಿಗೆ ಹದಿಮೂರನೆಯದನ್ನು ಹೊಲಿಸಲು ಹಾಕಿದ.